ಉಡಿ ತುಂಬದ ಶುಕ್ರವಾರ

ತಾವರಗೇರಾ
18 ಜನವರಿ 2024

ಸುರೇಖಾ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ಈ ಗಂಟಿನ ಜೊತೆ ನಾಲ್ಕು ಮಾತು ಹೋಗಲಿ ಎಂದು ಬರೆಯುತ್ತಿದ್ದೇನೆ. ನಿನ್ನ ನಂಬರ್ ಬ್ಲಾಕ್ ಮಾಡಿದ್ದು ಇಷ್ಟೊತ್ತಿಗೆ ಗೊತ್ತಾಗಿರಬೇಕು. ನಿನ್ನ ದನಿ ಕೇಳಿದರೆ ನನಗೆ ನಿಮ್ಮ ಮನೆಯ ಬಚ್ಚಲು ನೆನಪಾಗುತ್ತದೆ. ಕಾಗದಕ್ಕಾದರೆ ದನಿ ಇರುವುದಿಲ್ಲ. ಗಂಗಾವತಿ ಬಸ್ಸಿನ ಕಂಡಕ್ಟರ್ ರೆಹಮಾನ ನಮ್ಮ ಓಣಿಯವನೇ. ನಿನ್ನ ಗಂಡನ ಅಕ್ಕಿ ಅಂಗಡಿ ಅವನಿಗೆ ಗೊತ್ತು, ತಲುಪಿಸುತ್ತಾನೆ.

ಗಂಟು ಬಿಚ್ಚಿ ನೋಡು. ನನ್ನ ಕುಬಸದ ಹಸಿರು ಇಳಕಲ್ ಸೀರೆ. ನಮ್ಮವ್ವ ಸೋಡಾ ಹಾಕಿ, ನಿಂಬೆಹಣ್ಣು ತಿಕ್ಕಿ, ಮತ್ತೆ ಮತ್ತೆ ಒಗೆದಳು. ಕಲೆ ಹೋಗಲಿಲ್ಲ. ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿ ಕುಳಿತಿದೆ. ನಿನ್ನ ತಿಜೋರಿಯಲ್ಲಿ, ನಿನ್ನ ಮದುವೆಯ ಸೀರೆಗಳ ಮೇಲೆ ಇಟ್ಟುಕೋ. ಬಾಗಿಲು ತೆಗೆದಾಗಲೆಲ್ಲ ಕಾಣಲಿ.

ಮರೆತಿದ್ದರೆ ನೆನಪು ಮಾಡಿಕೊಡುತ್ತೇನೆ. ಕಾರ್ತಿಕದ ಆ ಶುಕ್ರವಾರ ಕೊಪ್ಪಳದ ನಿಮ್ಮ ಮನೆ ತುಂಬ ಜನ. ನನಗೆ ಏಳು ತಿಂಗಳು. ಬಸುರಿಗೆ ಹಸಿರು ಉಡಿಸಿ, ಮಣೆಯ ಮೇಲೆ ಕೂರಿಸಿ, ಉಡಿ ತುಂಬಿ ಆರತಿ ಬೆಳಗುವ ಕುಬಸದ ದಿನ. ಅಣ್ಣನ ಹೆಂಡತಿಯನ್ನು ಸಿಂಗರಿಸಲು ನೀನು ಹಿಂದಿನ ದಿನವೇ ಗಂಗಾವತಿಯಿಂದ ಬಂದಿದ್ದೆ. ಬಚ್ಚಲಿನಲ್ಲಿ ನನ್ನ ಲಂಗದ ಮೇಲೆ ರಕ್ತ ಕಂಡಿತು. ಹಸಿ ರಕ್ತ, ಕೆಂಪಗೆ. ನಿನ್ನೊಬ್ಬಳನ್ನೇ ಕರೆದು ತೋರಿಸಿದೆ.

"ಹೊಟ್ಟಿ ನೋಯಾಕತ್ತೈತೇನ್ರಿ ವೈನಿ?" ಅಂದೆ ನೀನು.

"ಇಲ್ಲ."

"ಮತ್ಯಾಕ ಅಂಜ್ತೀರಿ? ಬಟ್ಟಿ ಇಟ್ಕೊಂಡು ಕುಂದರ್ರಿ. ರಕ್ತ ಕಂಡೈತಿ ಅಂದ್ರ ಮಣಿ ಮ್ಯಾಲ ಕುಂದರ್ಸೂದಿಲ್ಲ. ಆರತಿ ಮುಗೀಲಿ, ಆಮ್ಯಾಲೆ ನೋಡೂಣು."

ಕುಳಿತೆ. ಹಾಡು ಮುಗಿಯುವವರೆಗೆ, ಬಳೆ ತೊಡಿಸುವವರೆಗೆ, ಫೋಟೋದವನು ನಗಿರಿ ನಗಿರಿ ಎಂದು ಕಾಡುವವರೆಗೆ ಕುಳಿತೆ. ಎದ್ದಾಗ ಮಣೆ ಕೆಂಪಾಗಿತ್ತು. ಆಮೇಲೆ ದವಾಖಾನೆ, ಬಾಟಲಿ ಬಾಟಲಿ ರಕ್ತ, ಹೊಟ್ಟೆ ಕೊಯ್ದು ತೆಗೆದ ಅಂಗೈಯಗಲದ ಕೂಸು. ಕೂಸಿನ ಮಾಸು ಗರ್ಭದ ಬಾಯಿಗೇ ಅಡ್ಡ ಕುಳಿತಿತ್ತಂತೆ. ಅಂಥ ರಕ್ತಕ್ಕೆ ನೋವೇ ಇರುವುದಿಲ್ಲವಂತೆ. ಯಾಕೆ ಅಲ್ಲಿ ಕುಳಿತಿತು ಎಂದು ಕೇಳಿದರೆ ಡಾಕ್ಟರಮ್ಮ, "ಅದು ಒಮ್ಮೊಮ್ಮೆ ಹಂಗ ಇರ್ತದವಾ, ಕಾರಣ ಅಂತ ಹೇಳಾಕ ಬರೂದಿಲ್ಲ" ಅಂದರು. ಮಾಸಿನ ಮೇಲೆ ಸಿಟ್ಟು ಮಾಡಲು ನನಗೆ ಬರುವುದಿಲ್ಲ ಸುರೇಖಾ. ನಿನ್ನ ಮೇಲೆ ಬರುತ್ತದೆ.

ನೀನು ಮುಚ್ಚಿಟ್ಟ ಮಾತನ್ನು ನಿಮ್ಮವ್ವನಿಗಾಗಲಿ ನಿನ್ನಣ್ಣನಿಗಾಗಲಿ ನಾನಿನ್ನೂ ಹೇಳಿಲ್ಲ. ಹೇಳುವ ದಿನವನ್ನು ನಾನೇ ಆರಿಸುತ್ತೇನೆ. ಇನ್ನೊಂದು. ನಮ್ಮಲ್ಲಿ ಕೂಸಿಗೆ ಹೆಸರಿಡುವವಳು ಸೋದರತ್ತೆ. ನನ್ನ ಮಗಳಿಗೆ ಇರುವವಳು ನೀನೊಬ್ಬಳೇ. ನೀನು ನಮ್ಮ ಹೊಸ್ತಿಲು ತುಳಿಯಬೇಡ. ಅವಳು ಹೆಸರಿಲ್ಲದೆ ಬೆಳೆಯಲಿ. ಯಾಕೆ ಎಂದು ಜನ ನಿನ್ನನ್ನು ಕೇಳಲಿ.

ಹೇಮಾ


ಗಂಗಾವತಿ
2 ಫೆಬ್ರುವರಿ 2024

ಪ್ರೀತಿಯ ವೈನಿಯವರಿಗೆ,

ಗಂಟು ಮುಟ್ಟಿತು. ರೆಹಮಾನ ಅದನ್ನು ನಮ್ಮತ್ತೆಯ ಕೈಗೇ ಕೊಟ್ಟ. "ಏನವಾ ಅದು?" ಅಂದರು. ವೈನಿ ಕಳಿಸಿದ ಸೀರೆ ಅಂದೆ. "ನಾದಿನಿ ಮ್ಯಾಲ ಎಷ್ಟು ಅಂತಃಕರಣ ನೋಡು" ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ನೀವು ಹೇಳಿದಲ್ಲೇ ಇಟ್ಟಿದ್ದೇನೆ.

ನೀವು ಬದುಕಿ ಬಂದದ್ದೇ ದೇವರ ದಯೆ. ಕೂಸು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂತು, ಹಾಲು ಕುಡಿಯುತ್ತಿದೆ ಎಂದು ಅಣ್ಣ ಹೇಳಿದ. ಅವ್ವ ದಿನಾ ಅಳುತ್ತಾಳೆ. ಸೊಸೆ ಯಾಕೆ ಮನೆಗೆ ಬರುತ್ತಿಲ್ಲ ಎಂದು ನನ್ನನ್ನೇ ಕೇಳುತ್ತಾಳೆ. ನನಗೇನು ಗೊತ್ತವಾ ಅನ್ನುತ್ತೇನೆ.

ಆ ದಿನ ಬಚ್ಚಲಿನಲ್ಲಿ ಮಾತಾಡಿದವರು ಇಬ್ಬರು. ನೀವು ಬರೆದಷ್ಟೇ ಅಲ್ಲ ಅಲ್ಲಿ ನಡೆದದ್ದು. ಉಳಿದದ್ದನ್ನು ನಾನು ಬರೆಯುವುದಿಲ್ಲ. ನಿಮ್ಮ ಮೈಯಿನ್ನೂ ಹಸಿ. ಅಂಜಿ ಹೇಳಿದ ಮಾತು ಅದು, ಕೇಡು ಬಗೆದು ಅಂದದ್ದಲ್ಲ. ಇಷ್ಟು ನಂಬಿದರೆ ಸಾಕು.

ನಿಮ್ಮ ಸುರೇಖಾ


ತಾವರಗೇರಾ
11 ಫೆಬ್ರುವರಿ 2024

ಸುರೇಖಾ,

ಮೈ ಹಸಿ ಎಂದು ಬರೆದಿದ್ದೀ. ನನ್ನ ಮೈ ಇನ್ನು ಯಾವತ್ತೂ ಹಸಿಯಾಗುವುದಿಲ್ಲ. ರಕ್ತ ನಿಲ್ಲಲಿಲ್ಲ ಎಂದು ಗರ್ಭಚೀಲವನ್ನೇ ತೆಗೆದರಲ್ಲ, ನಿನ್ನಣ್ಣ ಸಹಿ ಮಾಡಿದಾಗ ಪಕ್ಕದಲ್ಲಿ ನಿಂತಿದ್ದವಳು ನೀನೇ ಅಲ್ಲವೇ? "ಮುಂಜಾನಿನ ಕರ್ಕೊಂಡು ಬಂದಿದ್ರ ಅದನ್ನ ಉಳಿಸಬಹುದಿತ್ತೇನೋ" ಎಂದು ಡಾಕ್ಟರಮ್ಮ ಅಂದಾಗ ನೀನು ಗೋಡೆ ನೋಡುತ್ತಿದ್ದೆಯಂತೆ. ನಮ್ಮವ್ವ ಕಂಡಿದ್ದಾಳೆ.

ನಿನ್ನಣ್ಣ ಕೋಟ್ರೇಶ ಭಾನುವಾರ ಭಾನುವಾರ ಬರುತ್ತಾರೆ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಏನಂತ ಕರೆಯಲಿ ಎಂದು ಕೇಳುತ್ತಾರೆ. ನಿಮ್ಮ ತಂಗಿಯನ್ನು ಕೇಳಿರಿ ಅನ್ನುತ್ತೇನೆ. ಪಾಪ, ಅದು ತಮಾಷೆ ಎಂದುಕೊಂಡಿದ್ದಾರೆ.

ಸ್ಟ್ರೆಚರಿನ ಮೇಲಿಂದ ನಿನಗೆ ಒಂದು ಮಾತು ಅಂದಿದ್ದೆ. "ನಿನಗೂ ಹಿಂಗ ಆಗ್ಲಿ." ಜ್ವರದಲ್ಲಿ ಬಡಬಡಿಸಿದೆ ಎಂದುಕೊಂಡಿದ್ದರೆ ತಪ್ಪು. ಜ್ವರ ಇರಲಿಲ್ಲ.

ಹೇಮಾ


ಗಂಗಾವತಿ
20 ಜೂನ್ 2024

ವೈನಿಯವರಿಗೆ,

ಇದನ್ನು ಬೇರೆಯವರ ಬಾಯಿಂದ ನೀವು ಕೇಳಬಾರದು ಎಂದು ಬರೆಯುತ್ತಿದ್ದೇನೆ. ನನಗೆ ಮೂರು ತಿಂಗಳು ದಾಟಿದೆ. ಸಂತೋಷದ ಸುದ್ದಿ ಎಂದು ಬರೆಯಲು ಕೈ ಬರುತ್ತಿಲ್ಲ. ನಿಮ್ಮ ಆ ಮಾತನ್ನು ವಾಪಸು ತೆಗೆದುಕೊಳ್ಳಿರಿ. ಕಾಲಿಗೆ ಬೀಳುತ್ತೇನೆ.

ಸುರೇಖಾ


ತಾವರಗೇರಾ
27 ಜೂನ್ 2024

ಸುರೇಖಾ,

ಬಾಯಿಂದ ಬಿದ್ದದ್ದನ್ನು ಆರಿಸಿಕೊಳ್ಳುವ ಅಭ್ಯಾಸ ನನಗಿಲ್ಲ.

ಹೇಮಾ


ಗಂಗಾವತಿ
22 ಸೆಪ್ಟೆಂಬರ್ 2024

ವೈನಿಯವರಿಗೆ,

ಮೂರು ತಿಂಗಳು ಸುಮ್ಮನಿದ್ದೆ. ಈಗ ಕೇಳದೆ ಗತಿಯಿಲ್ಲ. ದಸರೆಯ ಶುಕ್ರವಾರ, ಅಕ್ಟೋಬರ್ ಹನ್ನೊಂದಕ್ಕೆ ನನ್ನ ಕುಬಸ ಹಿಡಿದಿದ್ದಾರೆ. ತವರಿನವರು ಸೀರೆ, ಬಳೆ, ಸಿಹಿಗೆ ಮಾದ್ಲಿ ತರಬೇಕು. ಮೊದಲ ಉಡಿ ತುಂಬುವ ಕೈ ಅಣ್ಣನ ಹೆಂಡತಿಯದು. ಅಪ್ಪ ಹೋದಮೇಲೆ ಅವ್ವನಿಗೆ ಆ ಹಕ್ಕಿಲ್ಲ, ನಿಮಗೆ ಗೊತ್ತೇ ಇದೆ. ನಮಗೆ ಬೇರೆ ಸೊಸೆಯೂ ಇಲ್ಲ. ಈಗಾಗಲೇ ನಮ್ಮತ್ತೆ ಚುಚ್ಚುತ್ತಿದ್ದಾರೆ. "ಸೀರಿ ಕಳಿಸೂವಷ್ಟು ಅಂತಃಕರಣ ಇದ್ದಾಕಿ ಒಮ್ಮಿನೂ ಮಾರಿ ತೋರ್ಸಿಲ್ಲ. ತವರಿನ ಮುತ್ತೈದಿ ಬರದಿದ್ರ ನಾ ಆರತಿ ಎತ್ತೂದಿಲ್ಲ."

ನನ್ನ ಮೇಲಿನ ಸಿಟ್ಟು ಹಾಗೇ ಇರಲಿ. ಉಡಿಗೆ ಐದು ಹಿಡಿ ಅಕ್ಕಿ ಹಾಕಿ ಹೋಗಿ. ಮಾತಾಡಿಸಬೇಡಿ. ಮುಖವನ್ನೂ ನೋಡಬೇಡಿ.

ಸುರೇಖಾ


ತಾವರಗೇರಾ
1 ಅಕ್ಟೋಬರ್ 2024

ಸುರೇಖಾ,

ಬರುತ್ತೇನೆ.

ಆಶ್ಚರ್ಯವಾಯಿತೇ? ನಮ್ಮವ್ವನಿಗೂ ಆಯಿತು. ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು ಎಲ್ಲ ತೆಗೆದಿಟ್ಟಿದ್ದಾಳೆ. ನನ್ನ ಮಗಳ ಮನಸ್ಸು ತಿಳಿಯಾಯಿತು ಎಂದು ದೇವರಿಗೆ ಎಣ್ಣೆ ಹಾಕಿ ಬಂದಿದ್ದಾಳೆ.

ನಿನ್ನ ಅತ್ತೆ, ನಿಮ್ಮವ್ವ, ನಿನ್ನಣ್ಣ, ನಿನ್ನ ಗಂಡ, ಅಕ್ಕಿ ಬಜಾರಿನ ಸಾಹುಕಾರರ ಹೆಂಡಂದಿರು, ಎಲ್ಲರೂ ಇರುತ್ತಾರಲ್ಲ? ಇರಬೇಕು. ನನಗೆ ನಾಲ್ಕು ಜನರ ಮುಂದೆ ಒಂದು ಮಾತು ಆಡುವುದಿದೆ. ಹತ್ತು ತಿಂಗಳಿಂದ ಅದನ್ನು ಕಾಯ್ದಿಟ್ಟುಕೊಂಡಿದ್ದೇನೆ. ನೀನು ಹಸಿರುಟ್ಟು ಮಣೆಯ ಮೇಲೆ ಕುಳಿತಾಗಲೇ ಆಡುತ್ತೇನೆ. ಎದ್ದು ಓಡಿಹೋಗಲು ಬರುವುದಿಲ್ಲ ನೋಡು, ಮಣೆ ಏರಿದವಳು ಆರತಿ ಮುಗಿಯುವ ತನಕ ಏಳಬಾರದು. ನನಗೆ ಕಲಿಸಿದವಳು ನೀನೇ.

ಶುಕ್ರವಾರ ಎರಡನೆಯ ಬಸ್ಸಿಗೆ ಹತ್ತುತ್ತೇನೆ.

ಹೇಮಾ


ಗಂಗಾವತಿ
11 ಅಕ್ಟೋಬರ್ 2024, ಮುಂಜಾನೆ

ವೈನಿ,

ರೆಹಮಾನನ ಮೊದಲ ಬಸ್ಸು ಇಲ್ಲಿಂದ ಹೊರಡುವ ಮೊದಲು ಬರೆದು ಕೊಡುತ್ತಿದ್ದೇನೆ. ನೀವು ಹೊರಡುವುದರೊಳಗೆ ನಿಮಗಿದು ಸಿಗಬೇಕು. ನಿಮಗೆ ಫೋನ್ ಹೋಗುವುದಿಲ್ಲ. ಬೇರೆ ಯಾರಿಗೆ ಮಾಡಲಿ?

ನಸುಕಿನಲ್ಲಿ ಎದ್ದಾಗ ಲಂಗದ ಮೇಲೆ ರಕ್ತ ಕಂಡಿತು. ನಿಮ್ಮದರ ಹಾಗೆಯೇ, ಕೆಂಪಗೆ. ಬಟ್ಟೆ ಇಟ್ಟುಕೊಂಡಿದ್ದೇನೆ, ಒಮ್ಮೆ ಬದಲಿಸಿಯೂ ಆಯಿತು. ನಿಮ್ಮ ಮಾತು ಫಲಿಸಿತು. ಈಗ ಸಮಾಧಾನವಾಯಿತೇ?

ಆದರೆ ನೋವಿಲ್ಲ ವೈನಿ. ಒಂದಿಷ್ಟೂ ಇಲ್ಲ. ಕೂಸು ಒದೆಯುತ್ತಿದೆ. ಹೋದ ತಿಂಗಳ ಸ್ಕ್ಯಾನಿಂಗಿನಲ್ಲಿ ನನ್ನ ಮಾಸು ಮೇಲೆಯೇ ಇದೆ ಅಂದಿದ್ದರು. ಹಾಗಾದರೆ ಇದು ನಿಮಗಾದದ್ದಲ್ಲ, ಬೇರೇನೋ ಸಣ್ಣದು. ಅಲ್ಲವೇ? ಹೊರಗೆ ಅಡಿಗೆಯವರು ಒಲೆ ಹೂಡಿದ್ದಾರೆ. ಈಗ ಬಾಯಿ ಬಿಟ್ಟರೆ ಕುಬಸ ನಿಲ್ಲುತ್ತದೆ. ಅಪಶಕುನದವಳು ಎಂದು ನಮ್ಮತ್ತೆ ಬದುಕಿರುವ ತನಕ ಅನ್ನುತ್ತಾರೆ. ಮಣೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಆಮೇಲೆ ತಲೆ ಸುತ್ತುತ್ತಿದೆ ಎಂದು ಹೇಳಿ ದವಾಖಾನೆಗೆ ಹೋಗುತ್ತೇನೆ. ನೀವು ಬೇಗ ಬಂದು ಬೇಗ ಉಡಿ ತುಂಬಿ ಮುಗಿಸಿ. ಆಡುವ ಮಾತನ್ನು ಬೇಕಾದರೆ ಇನ್ನೊಂದು ದಿನ ಆಡಿ.

ಯಾರಿಗೂ ಹೇಳಬೇಡಿ. ನಿಮ್ಮ ಮಗಳ ಮೇಲೆ ಆಣೆ.

ಸುರೇಖಾ


ಕೊಪ್ಪಳ, ದವಾಖಾನೆ
14 ಅಕ್ಟೋಬರ್ 2024

ಹೇಮಾ,

ವೈನಿ ಎನ್ನಲು ನಾಲಿಗೆ ಹೊರಳುತ್ತಿಲ್ಲ. ಸೇಡು ತೀರಿಸಿಕೊಂಡೆಯಲ್ಲ, ಹೊಟ್ಟೆ ತುಂಬಿತೇ?

ನಾನು ಹಸಿರುಟ್ಟು, ಹೂವಿನ ದಂಡೆ ಮುಡಿದು ನಡುಮನೆಗೆ ಬಂದಿದ್ದೆ. ಮಣೆ ಹಾಕಿದ್ದರು. ಎಲ್ಲರೂ ನಿನ್ನ ಬಸ್ಸಿನ ದಾರಿ ಕಾಯುತ್ತಿದ್ದರು. ನೀನು ಬರಲಿಲ್ಲ. ನನ್ನ ಗಂಡನ ಫೋನಿಗೆ ನಿನ್ನ ಕರೆ ಬಂತು. ಹತ್ತು ತಿಂಗಳಲ್ಲಿ ಮೊದಲ ಸಲ ನಿನ್ನ ದನಿ ಕೇಳಿದೆ. "ಸಿದ್ದೇಶಣ್ಣಾರ, ಸ್ಪೀಕರ್ ಹಚ್ಚರಿ, ಮನಿಗೆ ಬಂದವರೆಲ್ಲ ಕೇಳ್ಲಿ" ಅಂದೆ. ಅವರೋ, ವೈನಿ ಹಾಡು ಹೇಳುತ್ತಾರೇನೋ ಎಂದು ನಗುತ್ತ ಹಚ್ಚಿದರು.

"ನಿಮ್ಮ ಹೆಣ್ತಿಗೆ ನಸುಕಿಂದ ರಕ್ತ ಹೊಂಟೈತಿ. ಬಟ್ಟಿ ಮುಚ್ಚಿಟ್ಕೊಂಡು ಮಣಿ ಏರಾಕತ್ತಾಳ. ನೋವಿಲ್ಲ ಅಂತಾಳ, ನನಗೂ ಇರಲಿಲ್ಲ. ನಾ ಉಡಿ ತುಂಬಾಕ ಬರೂದಿಲ್ಲ, ಇವತ್ತ ಕುಬಸ ಆಗೂದಿಲ್ಲ. ಯಾರಿಗೂ ಒಳಗ ಕೈ ಹಾಕಿ ನೋಡಾಕ ಬಿಡಬ್ಯಾಡ್ರಿ. ಗಾಡಿ ತರ್ರಿ. ಕೊಪ್ಪಳಕ್ಕ ನಡೀರಿ."

ಸಾಹುಕಾರರ ಹೆಂಡಂದಿರು ನನ್ನ ಸೀರೆಯ ಹಿಂಭಾಗ ನೋಡಲು ಬಗ್ಗಿದರು. ನಮ್ಮತ್ತೆ ಆರತಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದರು. ಉಂಡು ಹೋಗಬೇಕಾದವರು ಉಣ್ಣದೆ ಎದ್ದರು. ಇಡೀ ಗಂಗಾವತಿಗೆ ನನ್ನ ಒಳಲಂಗದ ಸುದ್ದಿ ಹೇಳಿದೆಯಲ್ಲೇ. ನಿನ್ನನ್ನು ನಂಬಿ ಬರೆದಿದ್ದೆ. ಮಗಳ ಮೇಲೆ ಆಣೆ ಹಾಕಿದ್ದೆ.

ಈಗ ಕೇಳು, ನಾನು ಇಷ್ಟು ದಿನ ಬರೆಯದೆ ಬಿಟ್ಟದ್ದನ್ನು. ನಿನ್ನ ಕುಬಸದ ದಿನ ಬಚ್ಚಲಿನಲ್ಲಿ ನಾನು ಮೊದಲು ಏನಂದೆ? "ಅವ್ವನ್ನ ಕರೀಲೇನ್ರಿ?" ಅಂದೆ. ನನ್ನ ಕೈ ಹಿಡಿದೆಳೆದವಳು ಯಾರು? "ಬ್ಯಾಡ ಸುರೇಖಾ, ಯಾರಿಗೂ ಹೇಳಬ್ಯಾಡ. ನಮ್ಮವ್ವ ಸಾಲ ಸೋಲ ಮಾಡಿ ಸೀರಿ ತಂದಾಳ, ಮಂದ್ಯಾಗ ಆಕಿ ಮಾರಿ ಸಣ್ಣದಾಕ್ಕೈತಿ" ಅಂದವಳು ಯಾರು? ನೀನು. ನೀನು ಬೇಡ ಅಂದಮೇಲೆ ನಾನು ಕುಂದರ್ರಿ ಅಂದದ್ದು. ಇದನ್ನು ನಿನ್ನ ನಾಲ್ಕು ಜನರ ಮುಂದೆ ಹೇಳುತ್ತಿದ್ದೆಯಾ?

ಸುರೇಖಾ


ತಾವರಗೇರಾ
18 ಅಕ್ಟೋಬರ್ 2024

ಸುರೇಖಾ,

ನೀನು ಎಂದು ಬರೆದಿದ್ದೀ. ಛಲೋ ಆಯಿತು. ಆ ನೀವು, ಪ್ರೀತಿಯ ವೈನಿ, ಕಾಲಿಗೆ ಬೀಳುತ್ತೇನೆ, ಅವನ್ನೆಲ್ಲ ಓದಿದರೆ ನನಗೆ ಇನ್ನಷ್ಟು ಉರಿಯುತ್ತಿತ್ತು.

ನಿನ್ನ ಕಾಗದ ಬಂದಾಗ ನಾನು ಉಡಿಯ ಅಕ್ಕಿಗೆ ಅರಿಶಿನ ಕಲಸುತ್ತಿದ್ದೆ. ಓದಿ ನಕ್ಕೆ. ಸುಳ್ಳು ಯಾಕೆ ಹೇಳಲಿ, ನನ್ನ ಹೊಟ್ಟೆ ತಣ್ಣಗಾಯಿತು. ಅನುಭವಿಸಲಿ ಅಂದುಕೊಂಡೆ. ಉತ್ತರ ಬರೆಯದೆ, ಸಾವಕಾಶ ಜಡೆ ಹೆಣೆದುಕೊಂಡು, ಎರಡನೆಯ ಬಸ್ಸಿಗೆ ಹೊರಟು, ನೀನು ಹೇಳಿದಂತೆಯೇ ಉಡಿ ತುಂಬಿ, ಎದುರಿಗೆ ಕುಳಿತು ನಿನ್ನ ಮಣೆಯನ್ನೇ ನೋಡುತ್ತಿರಬಹುದಿತ್ತು. ಯಾರೂ ನನ್ನನ್ನು ಬೈಯುತ್ತಿರಲಿಲ್ಲ. ಯಾರಿಗೂ ಹೇಳಬೇಡ ಎಂದು ನೀನೇ ಬರೆದುಕೊಟ್ಟಿದ್ದೆಯಲ್ಲ. ಸೀರೆ ಉಟ್ಟು ನಿಂತೆ ಕೂಡ. ಆಮೇಲೆ ಆ ಸಾಲು ಇನ್ನೊಮ್ಮೆ ಓದಿದೆ. ನೋವಿಲ್ಲ ವೈನಿ, ಒಂದಿಷ್ಟೂ ಇಲ್ಲ. ಫೋನ್ ತೆಗೆದೆ.

ಹೌದು, ಆ ದಿನ ನಾನು ಹೇಳಬೇಡ ಅಂದೆ. ಅಂದರೇನಾಯಿತು? ರಕ್ತ ಹೋಗುತ್ತಿದ್ದದ್ದು ನನಗೆ. ಅಂಜಿದ್ದವಳು ನಾನು. ಅಂಜಿದವರು ಬೇಡವೆಂದೇ ಅನ್ನುತ್ತಾರೆ. ನಿನ್ನ ಸೀರೆ ಒಣಗಿತ್ತು, ನಿನ್ನ ಬುದ್ಧಿ ನೆಟ್ಟಗಿತ್ತು. ನನ್ನ ಕೈ ಕೊಡವಿ ಹೊರಗೆ ಹೋಗಿ ಒದರಬೇಕಿತ್ತು. ಆರತಿ ಕೆಡಿಸಬೇಕಿತ್ತು. ನಮ್ಮವ್ವನ ಮಾರಿ ಸಣ್ಣದಾದರೆ ಆಗಲಿ ಅನ್ನಬೇಕಿತ್ತು. ನನ್ನ ಬೈಗುಳ ತಿನ್ನಬೇಕಿತ್ತು, ಈಗ ನಾನು ನಿನ್ನ ಬೈಗುಳ ತಿನ್ನುತ್ತಿರುವ ಹಾಗೆ.

ನೀನು ನನಗೆ ಮಾಡಬೇಕಿದ್ದದ್ದನ್ನು ನಾನು ನಿನಗೆ ಮಾಡಿ ತೋರಿಸಿದ್ದೇನೆ. ಇದಕ್ಕಿಂತ ದೊಡ್ಡ ಸೇಡು ನನಗೆ ಹೊಳೆಯಲಿಲ್ಲ. ಇನ್ನು ಬದುಕಿರುವ ತನಕ ನೆನೆಸಿಕೊಳ್ಳುತ್ತಿರು.

ಹೇಮಾ


ಗಂಗಾವತಿ
16 ಡಿಸೆಂಬರ್ 2024

ವೈನಿ,

ನನಗೆ ಗಂಡು ಕೂಸು ಹುಟ್ಟಿ ಎರಡು ವಾರವಾಯಿತು. ಇಬ್ಬರೂ ಮನೆಗೆ ಬಂದಿದ್ದೇವೆ. ಅಣ್ಣ ಹೇಳಿರುತ್ತಾನೆ. ಇದು ಅವನು ಹೇಳದೆ ಇರುವ ಸಂಗತಿ.

ಅಂದು ಗಾಡಿಯಲ್ಲಿ ಕೊಪ್ಪಳ ಮುಟ್ಟುವ ಹೊತ್ತಿಗೆ ರಕ್ತ ನಿಂತೇ ಹೋಗಿತ್ತು. ಇಷ್ಟಕ್ಕೇ ಮರ್ಯಾದೆ ಕಳೆದಳಲ್ಲ ಎಂದು ನಿಮ್ಮನ್ನು ಶಪಿಸುತ್ತ ಮಲಗಿದ್ದೆ. ಆ ಕಾಗದ ಬರೆದದ್ದೂ ಆಗಲೇ. ನಿಮ್ಮ ಉತ್ತರ ಬಂದ ಮರುದಿನ ಮತ್ತೆ ಬಂತು. ಮಂಚದಿಂದ ನೆಲಕ್ಕೆ ಇಳಿಯುವಷ್ಟು ಬಂತು. ನರ್ಸ್ ಓಡಿ ಬಂದಳು. ಸಲೈನಿನ ಸೂಜಿ ಕೈಯಲ್ಲೇ ಇತ್ತು, ನನ್ನ ಗುಂಪಿನ ರಕ್ತ ತೆಗೆದಿಟ್ಟಿದ್ದರು, ಅದಕ್ಕೇ ಉಳಿದೆ. ಮನೆಯಲ್ಲಿದ್ದಿದ್ದರೆ ಗಂಗಾವತಿ ದಾಟುತ್ತಿರಲಿಲ್ಲ. ದಿನ ತುಂಬುವ ತನಕ ಅಲ್ಲೇ ಇಟ್ಟುಕೊಂಡರು. ಎಲ್ಲ ತಪಾಸಣೆ ಮಾಡಿದರು. ಮಾಸು ಮೇಲೆಯೇ ಇತ್ತು. ರಕ್ತ ಯಾಕೆ ಬಂತು ಎಂದು ಅವರಿಗೂ ಗೊತ್ತಾಗಲಿಲ್ಲ. ಕಾರಣ ಸಿಗದೆಯೂ ಹೀಗಾಗುವುದುಂಟಂತೆ.

ನಮ್ಮತ್ತೆಗೆ ಕಾರಣ ಬೇಕೇ ಬೇಕು. "ನಿಮ್ಮ ವೈನಿ ಶಾಪ ಅದು" ಅನ್ನುತ್ತಾರೆ. ಯಾರು ಹೇಳಿದರೋ. ನಾನು ಸುಮ್ಮನಿರಲಿಲ್ಲ. "ಶಾಪ ಹಾಕಿದಾಕಿ ಫೋನ್ ಮಾಡಿ ಗಾಡಿ ತರಿಸ್ತಾಳೇನ್ರಿ?" ಅಂದೆ. ಈಗ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಒಂದು ಮಾತು ಕೇಳಬೇಕು. ಫೋನಿನಲ್ಲಿ ನೀವು ನನ್ನ ರಕ್ತದ ಮಾತು ಆಡಿದಿರಿ. ನಿಮ್ಮ ಕುಬಸದ ದಿನ ನಾನು ಮುಚ್ಚಿಟ್ಟದ್ದನ್ನು ಆಡಲಿಲ್ಲ. ಎಲ್ಲರೂ ಅಲ್ಲೇ ಇದ್ದರು. ಅದಕ್ಕಾಗಿಯೇ ಬರುವವರಿದ್ದಿರಿ. ಅವ್ವನಿಗೂ ಅಣ್ಣನಿಗೂ ಇವತ್ತಿಗೂ ಗೊತ್ತಿಲ್ಲ. ಯಾಕೆ ಬಿಟ್ಟಿರಿ?

ಬಾಣಂತನದ ಎಣ್ಣೆ ನೀರಿನ ದಿನಗಳು ಮುಗಿದಮೇಲೆ ನಾನು ತಾವರಗೇರಾಕ್ಕೆ ಬರಲೇ? ನನ್ನ ಸೋದರಸೊಸೆಗೆ ಹೆಸರಿಲ್ಲ ಎಂದು ರಾತ್ರಿ ನನ್ನ ಮಗನ ಪಕ್ಕ ಮಲಗಿದಾಗ ನೆನಪಾಗಿ ಎದ್ದು ಕೂರುತ್ತೇನೆ.

ಸುರೇಖಾ


ತಾವರಗೇರಾ
24 ಡಿಸೆಂಬರ್ 2024

ಸುರೇಖಾ,

ಎಣ್ಣೆ ನೀರು ಮುಗಿಯಲಿ. ಮೈ ಗಟ್ಟಿ ಮಾಡಿಕೋ. ಬಾಣಂತಿ ಖಾರ ತಿನ್ನು. ಹೊಲಿಗೆ ಒಣಗುವ ತನಕ ಬಿಂದಿಗೆ ಎತ್ತಬೇಡ, ಯಾರು ಮಾರಿ ತಿರುವಿದರೂ ಎತ್ತಬೇಡ.

ನನ್ನ ಮಗಳಿಗೆ ವರ್ಷ ತುಂಬಿತು. ಗೋಡೆ ಹಿಡಿದು ನಿಲ್ಲುತ್ತಾಳೆ. ಕೂಸೇ ಎಂದು ಕರೆದರೆ ತಿರುಗಿ ನೋಡುತ್ತಾಳೆ. ಓಣಿಯಲ್ಲಿ ಯಾರು ಯಾವ ಮಗುವನ್ನು ಕೂಸೇ ಎಂದು ಕರೆದರೂ ಇವಳೇ ತಿರುಗುತ್ತಾಳೆ. ಇನ್ನು ಸಾಕು.

ಸಂಕ್ರಾಂತಿ ಕಳೆದ ಮೇಲೆ ಬಾ. ನಿಮ್ಮವ್ವನನ್ನೂ ಅಣ್ಣನನ್ನೂ ಕರೆದುಕೊಂಡು ಬಾ. ಆಗುವುದಾದರೆ ನಿನ್ನ ಅತ್ತೆಯನ್ನೂ. ತಿಜೋರಿಯಲ್ಲಿರುವ ಆ ಹಸಿರು ಸೀರೆ ತರಬೇಕು. ಅದನ್ನೇ ಜಂತಿಗೆ ತೊಟ್ಟಿಲು ಕಟ್ಟುತ್ತೇವೆ. ಅವಳು ಮಲಗುವ ವಯಸ್ಸು ದಾಟಿದ್ದಾಳೆ, ಪರವಾಗಿಲ್ಲ, ಕುಳಿತು ಜೀಕಲಿ. ನಮ್ಮ ಓಣಿಯ ಹೆಣ್ಣುಮಕ್ಕಳನ್ನೆಲ್ಲ ಕರೆದಿರುತ್ತೇನೆ. ಅವರಲ್ಲಿ ಇಬ್ಬರು ಈಗ ಬಸುರಿಯರು.

ತೊಟ್ಟಿಲು ಕಟ್ಟುವವಳು ನೀನೇ. ಕಟ್ಟುವಾಗ ಕಲೆಯನ್ನು ಒಳಗೆ ಮಡಚಬೇಡ. ಎಲ್ಲರಿಗೂ ಕಾಣುವ ಹಾಗೆ ಮುಂದೆ ಬರಲಿ. ಇದೇನು ಕಲೆ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಾನು ಬಾಯಿ ಬಿಡುವುದಿಲ್ಲ. ಯಾಕೆ ಬಿಟ್ಟಿರಿ ಎಂದು ಕೇಳಿದ್ದೆಯಲ್ಲ, ಇದಕ್ಕೇ ಬಿಟ್ಟದ್ದು. ನಿನ್ನ ಬಾಯಿಂದಲೇ ಬರಲಿ. ಬಚ್ಚಲಿನಲ್ಲಿ ನಾನು ಅಂದದ್ದು, ನೀನು ಅಂದದ್ದು, ಒಂದನ್ನೂ ಬಿಡದೆ ಹೇಳು. ನೋವಿರಲಿಲ್ಲ ಅನ್ನುವುದನ್ನು ಎರಡು ಸಲ ಹೇಳು. ಆ ಇಬ್ಬರಿಗೆ ಕೇಳಿಸುವ ಹಾಗೆ ಹೇಳು.

ಅಲ್ಲಿಯ ತನಕ ನಿನ್ನನ್ನು ಕ್ಷಮಿಸುವ ಮಾತಿಲ್ಲ. ಆಮೇಲಿನದು ಆಮೇಲೆ.

ಹೇಳಿ ಮುಗಿದಮೇಲೆ ಬಗ್ಗಿ ನಿನ್ನ ಸೊಸೆಯ ಕಿವಿಯಲ್ಲಿ ಹೆಸರು ಕೂಗು. ಯಾವ ಹೆಸರು ಎಂದು ನನ್ನನ್ನು ಕೇಳಬೇಡ. ಸೋದರತ್ತೆ ನೀನು.

ಹೇಮಾ